ಯಮುನಮ್ಮನ ಎಲೆ

ಸತ್ತ ಮೇಲೆ ಏನೂ ಇಲ್ಲ ಎಂದು ಹೇಳಲು ಸಾಂತಪ್ಪ ಮೇಷ್ಟ್ರಿಗೆ ಎರಡು ಗಂಟೆ ಬೇಕಾಗುತ್ತಿತ್ತು. ಮಧ್ಯೆ ಒಂದು ಲೋಟ ನೀರು. ಹುದಿಕೇರಿಯಿಂದ ತಿತಿಮತಿಯವರೆಗೆ ಯಾವ ಶಾಲೆಯ ವಾರ್ಷಿಕೋತ್ಸವವಿರಲಿ, ಯಾವ ಯುವಕ ಸಂಘದ ಭಾನುವಾರದ ಕಾರ್ಯಕ್ರಮವಿರಲಿ, ಕರೆದರೆ ಹೋಗುವರು, ಕರೆಯದಿದ್ದರೆ ಕರೆಸಿಕೊಳ್ಳುವರು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಲೆ ಪಾಲಿಬೆಟ್ಟದ ಹತ್ತಿರ ಮೂರು ಎಕರೆ ಕಾಫಿ, ಒಂದು ಹೆಂಚಿನ ಮನೆ ಮತ್ತು ಈ ಭಾಷಣ ಅವರ ಪಾಲಿಗೆ ಉಳಿದಿದ್ದವು. “ಬಲ್ಬು ಆರಿತು. ಬೆಳಕು ಎಲ್ಲಿಗೆ ಹೋಯಿತು? ಸ್ವರ್ಗಕ್ಕೋ, ನರಕಕ್ಕೋ?” ಎಂದು ಸಭೆಯನ್ನು ಕೇಳುವರು. ಕೆಲವೊಮ್ಮೆ ಸರಿಯಾಗಿ ಅದೇ ಹೊತ್ತಿಗೆ ಕರೆಂಟ್ ಹೋಗುತ್ತಿತ್ತು. ಆಗ ಜನ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು.

ಮೇಷ್ಟ್ರ ಕುಟುಂಬದವರು ಚೇರಂಬಾಣೆ ಕಡೆಯ ಅರೆಭಾಷೆ ಗೌಡರು. ವರ್ಷಕ್ಕೊಮ್ಮೆ, ಕಾವೇರಿ ಸಂಕ್ರಮಣ ಕಳೆದ ಮೇಲೆ ಒಂದು ದಿನ ಗೊತ್ತುಮಾಡಿ, ಕುಟುಂಬದ ಮನೆಯ ಒಳಕೋಣೆಯಲ್ಲಿ ಸತ್ತ ಹಿರಿಯರಿಗೆ ಸಾಲಾಗಿ ಬಾಳೆಲೆ ಹಾಕಿ ಬಡಿಸುತ್ತಾರೆ. ಯಾರಿಗೆ ಏನು ಇಷ್ಟವೋ ಅದು. ಅಜ್ಜನಿಗೆ ಬ್ರಾಂದಿ, ದೊಡ್ಡಪ್ಪನಿಗೆ ಒಂದು ಕಟ್ಟು ಬೀಡಿ, ಕೋಳಿ ಪ್ರಿಯರಿಗೆ ಕೋಳಿ. ಒಬ್ಬೊಬ್ಬರ ಹೆಸರು ಹಿಡಿದು ಕರೆದು, ಬಾಗಿಲು ಎಳೆದುಕೊಂಡು, ಎಲ್ಲರೂ ಜಗಲಿಯಲ್ಲಿ ಕಾಯುತ್ತಾರೆ. ಹಿರಿಯರ ಊಟ ಮುಗಿಯಿತು ಎನಿಸಿದಾಗ ಮೂರು ಸಲ ಕೆಮ್ಮಿ ಬಾಗಿಲು ತೆರೆಯುತ್ತಾರೆ. ಎಲೆಯಲ್ಲಿದ್ದದ್ದನ್ನು ಆಮೇಲೆ ಬದುಕಿದವರು ಹಂಚಿಕೊಂಡು ತಿನ್ನುತ್ತಾರೆ. ಹೊಟ್ಟೆ ಚುರುಗುಟ್ಟುತ್ತಿರುವುದರಿಂದ ಬದುಕಿದವರಿಗೆ ಕೆಮ್ಮು ಸ್ವಲ್ಪ ಬೇಗನೇ ಬರುತ್ತದೆ.

ಮೇಷ್ಟ್ರು ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ ಶಾಲೆಯ ಪ್ರಯೋಗಶಾಲೆಯಿಂದ ಅಳತೆಯ ಜಾಡಿಯೊಂದನ್ನು ತಂದು, ಅಜ್ಜನ ಬ್ರಾಂದಿಯನ್ನು ಅಡುಗೆಮನೆಯಲ್ಲಿ ನೂರು ಮಿಲಿ ಅಳೆದುಕೊಟ್ಟಿದ್ದರು. ಬಾಗಿಲು ಮುಚ್ಚಿದ್ದು ಅವರ ವಾಚಿನ ಪ್ರಕಾರ ಹನ್ನೊಂದು ನಿಮಿಷ. ತೆರೆದು ಅಳೆದರೆ ಎಂಬತ್ತೆರಡು. ಮನೆಮಂದಿಯೆಲ್ಲ ಕೈ ಮುಗಿದರು, ಚಿಕ್ಕಮ್ಮ ಒಬ್ಬರು ಅತ್ತೇಬಿಟ್ಟರು. ಮೇಷ್ಟ್ರು ಮಾತ್ರ ತನಿಖೆ ನಡೆಸಿ, ಲೋಟವನ್ನು ಅಡುಗೆಮನೆಯಿಂದ ಎಲೆಯವರೆಗೆ ಒಯ್ದ ತಮ್ಮ ತೀರ್ಥಪ್ರಸಾದನ ಬಾಯಿ ಮೂಸಿ, “ಕುಡಿದದ್ದು ಆತ್ಮ ಅಲ್ಲ, ತಮ್ಮ” ಎಂದು ಘೋಷಿಸಿದ್ದರು. ಅಂದಿನಿಂದ ಅವರು ಆ ಕೋಣೆಯ ಹೊಸ್ತಿಲು ತುಳಿದವರಲ್ಲ. ಪ್ರತಿ ವರ್ಷ ಜಗಲಿಯಲ್ಲಿ ಕುಳಿತು ವಾಚು ನೋಡುವರು, ನಗುವರು. ಊಟಕ್ಕೆ ಮಾತ್ರ ಮೊದಲ ಪಂಕ್ತಿಯಲ್ಲೇ ಕೂರುವರು.

ಅವರ ಹೆಂಡತಿ ಯಮುನಮ್ಮ ವಾದಕ್ಕೆ ಇಳಿದವರಲ್ಲ. ಗಂಡನ ಭಾಷಣವನ್ನು ಪದಪದವಾಗಿ ಬಲ್ಲವರೆಂದರೆ ಜಗತ್ತಿನಲ್ಲಿ ಆಕೆ ಒಬ್ಬರೇ. ಒಂದು ಸಂಜೆ ಮೇಷ್ಟ್ರು ಮರುದಿನದ ಮಾತಿಗೆ ತಯಾರಿ ಮಾಡುತ್ತಿದ್ದಾಗ, ಮೊರದಲ್ಲಿ ಕಾಳುಮೆಣಸು ಕೇರುತ್ತಾ ಕುಳಿತಿದ್ದ ಆಕೆ ತಲೆಯೆತ್ತದೆ ಹೇಳಿದರು.

“ನೀವು ನಂಬುದು ಬೇಡ. ನಾ ಸತ್ತರೆ ನಂಗೆ ಒಂದ್ ಎಲೆ ಹಾಕಿ. ನೀವೇ ಹಾಕೊಕು.”

“ಆತ್, ಆತ್” ಎಂದರು ಮೇಷ್ಟ್ರು. ಬಲ್ಬಿನ ಉಪಮೆಗೆ ಅಡ್ಡ ಬಂದದ್ದು ಅವರಿಗೆ ಸರಿಬರಲಿಲ್ಲ.

ಕಳೆದ ಆಷಾಢದಲ್ಲಿ, ಕಕ್ಕಡ ತಿಂಗಳ ಜಡಿಮಳೆಯಲ್ಲಿ, ಬೆಳಿಗ್ಗೆ ಒಲೆಯ ಮುಂದೆ ಎದೆ ಹಿಡಿದುಕೊಂಡು ಕೂತ ಯಮುನಮ್ಮ, ಜೀಪು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಮೇಷ್ಟ್ರು ಯಾವ ಕ್ರಿಯೆಯೂ ಇಲ್ಲದೆ ದಹನ ಮಾಡಿಸಿದರು. ಮಾತಾಡಿಸಲು ಬಂದವರಿಗೆ ಬಲ್ಬಿನ ವಿಷಯ ಹೇಳಹೊರಟರು. ಬೆಳಕು ಎಲ್ಲಿಗೆ ಹೋಯಿತು ಎಂಬಲ್ಲಿಗೆ ಬಂದಾಗ ಮುಂದಿನ ವಾಕ್ಯ ಬಿಟ್ಟು ಕಾಫಿ ತರಲು ಎದ್ದರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಂದವರು ಕಾಫಿ ಕುಡಿದು ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

ಸಂಕ್ರಮಣ ಕಳೆದು ಮೂರನೆಯ ದಿನ ತಮ್ಮನ ಹೆಂಡತಿ ಸರೋಜ ಫೋನ್ ಮಾಡಿದಳು.

“ಬಾವ, ಬರುವ ಭಾನುವಾರ ಹಿರಿಯವ್ಕೆ ಬಡ್ಸುದು. ಅಕ್ಕಂಗೆ ಇದ್ ಮೊದಲ್ನೇ ವರ್ಷ. ಎಂತ ಇಷ್ಟ ಹೇಳಿ, ನಾ ಮಾಡ್ನೆ. ಬಡ್ಸಿಕೆ ಮಾತ್ರ ನೀವೇ ಬರೊಕು.”

ಮೊದಲ ವರ್ಷದ ಎಲೆಗೆ ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಸತ್ತವರಿಗೆ ಎಲ್ಲಕ್ಕಿಂತ ಇಷ್ಟವಾದದ್ದನ್ನು ಅವರ ಹತ್ತಿರದವರೇ ಕೈಯಾರೆ ಇಡಬೇಕು. ಅದು ತಪ್ಪಿದರೆ ಸತ್ತವರು ಹೊಸ್ತಿಲಲ್ಲೇ ನಿಂತುಬಿಡುತ್ತಾರಂತೆ, ಮುಂದೆ ಯಾವ ವರ್ಷ ಕರೆದರೂ ಒಳಗೆ ಬರುವುದಿಲ್ಲವಂತೆ. ಮೇಷ್ಟ್ರು ಇದನ್ನು ಭಾಷಣದಲ್ಲಿ ಗೇಲಿ ಮಾಡಿದ್ದುಂಟು. ಆದರೆ ದೇವರಿಲ್ಲ ಎನ್ನುವವನಿಗೆ ಕೊಟ್ಟ ಮಾತೇ ದೇವರು ಎಂಬುದೂ ಅದೇ ಭಾಷಣದಲ್ಲಿತ್ತು. ಈಗ ಆ ಮಾತು ಕುತ್ತಿಗೆಗೆ ಬಂದಿತ್ತು.

“ಅದಕ್ಕೆಂತ, ಕಡುಬು ಮಾಡ್. ಹಂದಿ ಸಾರ್ ಮಾಡ್.”

“ಅದ್ ನಿಮ್ಮ ಇಷ್ಟ ಅಲ್ವಾ ಬಾವ?”

“ಹಂಗಾರೆ ಕೋಳಿ.”

“ಅದ್ ನಿಮ್ಮ ತಮ್ಮಂಗೆ.”

“ಪಾಯಸ?”

“ಅದ್ ನಿಮ್ಮ ಮಗಳಿಗೆ. ಅಕ್ಕ ಮಾಡುದು ನಾ ಕಂಡುಟ್ಟು ಬಾವ. ತಿನ್ನುದು ಕಂಡಿಲ್ಲೆ.”

ಮೂವತ್ತೆಂಟು ವರ್ಷದ ಸಂಸಾರ. ಒಂದು ಅಂಕದ ಪ್ರಶ್ನೆ. ಇಷ್ಟು ಸುಲಭದ್ದಕ್ಕೆ ತಡವರಿಸುವ ಹುಡುಗರನ್ನು ಅವರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

“ಎರಡ್ ದಿನ ಟೈಮ್ ಕೊಡ್ ಸರೋಜ” ಎಂದರು.

ಮೊದಲು ಮೈಸೂರಿನಲ್ಲಿ ಟೀಚರ್ ಆಗಿದ್ದ ಮಗಳಿಗೆ ಫೋನ್ ಮಾಡಿದರು. “ಅವ್ವಂಗಾ?” ಎಂದು ಶ್ವೇತ ಯೋಚಿಸಿದಳು. “ಅವ್ವಂಗೆ ನಂಗೆ ಇಷ್ಟ ಆದ್ದೆಲ್ಲ ಇಷ್ಟ ಅಪ್ಪ” ಎಂದಳು. ಹಾಗೆಂದವಳಿಗೆ ತಾನು ಹೇಳಿದ್ದು ತನಗೇ ಕೇಳಿಸಿರಬೇಕು. ನಾಳೆ ಮಾಡುತ್ತೇನೆ ಎಂದು ಫೋನ್ ಇಟ್ಟಳು.

ಮೇಷ್ಟ್ರು ಅಡುಗೆಮನೆಗೆ ಹೋಗಿ ಡಬ್ಬಗಳ ಮುಚ್ಚಳ ತೆಗೆದು ನೋಡಿದರು. ಚಕ್ಕುಲಿ ಇತ್ತು, ಅದು ಅವರಿಗೆ. ನಿಂಬೆ ಉಪ್ಪಿನಕಾಯಿ ಇತ್ತು, ಅದೂ ಅವರಿಗೆ. ಹೆಂಡತಿ ಉಣ್ಣುವುದನ್ನು ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದರು. ಎಲ್ಲರೂ ಎದ್ದು ಕೈ ತೊಳೆದ ಮೇಲೆ ಒಲೆಯ ಪಕ್ಕ ಮಣೆಯೂ ಇಲ್ಲದೆ ಕುಳಿತು, ಪಾತ್ರೆಯ ತಳವನ್ನು ಸೌಟಿನಿಂದ ಕೆರೆಯುವ ಶಬ್ದ ನೆನಪಾಯಿತು. ತಟ್ಟೆಯಲ್ಲಿ ಏನಿತ್ತು ಎಂಬುದು ನೆನಪಾಗಲಿಲ್ಲ. ನೋಡಿದ್ದರೆ ತಾನೇ ನೆನಪಾಗುವುದು. ಗಮನಿಸಿ, ಬರೆದುಕೊಳ್ಳಿ, ಆಮೇಲೆ ಮಾತಾಡಿ ಎಂದು ಮೂವತ್ತೊಂದು ವರ್ಷ ಹೇಳಿಕೊಟ್ಟವರ ಮನೆಯಲ್ಲೇ ದೀಪದ ಬುಡದ ಕತ್ತಲೆ. ಮೇಷ್ಟ್ರಿಗೆ ನಾಚಿಕೆಯಾಯಿತು. ಆತ್ಮ ಇದೆಯೋ ಇಲ್ಲವೋ ಎಂಬ ವಿಷಯದಲ್ಲಿ ಅವರಿಗೆ ಒಂದು ದಿನವೂ ಇಷ್ಟು ಕಷ್ಟವಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಹುಚ್ಚಮ್ಮ ಕಾಫಿ ಕಣ ಗುಡಿಸಲು ಬಂದಳು. ಪಕ್ಕದ ಎಸ್ಟೇಟಿನ ಕೂಲಿಯವರ ಸಾಲುಮನೆ, ಲೈನಿನಲ್ಲಿರುವವಳು, ಹೆಚ್ಚುಕಮ್ಮಿ ಯಮುನಮ್ಮನ ವಯಸ್ಸಿನವಳು. ಅಲ್ಲಿ ಕಾಫಿ ಹಣ್ಣಿನ ಪಿಕಿಂಗ್ ಇಲ್ಲದ ದಿನಗಳಲ್ಲಿ ಇಲ್ಲಿ ಕೈಗೆಲಸಕ್ಕೆ ಬರುತ್ತಿದ್ದಳು. ಮೇಷ್ಟ್ರು ಅವಳನ್ನು ಕೇಳುವುದೋ ಬೇಡವೋ ಎಂದು ಅರ್ಧ ಗಂಟೆ ಕಣದ ಸುತ್ತ ಸುಳಿದಾಡಿ, ಕೊನೆಗೆ ಕೇಳಿದರು.

ಹುಚ್ಚಮ್ಮ ಪೊರಕೆ ನಿಲ್ಲಿಸಿದಳು. “ಯಮುನಕ್ಕಂಗಾ? ಒಣಮೀನು ಕಣ್ ಸಾಮಿ.”

“ನಮ್ಮ ಮನೇಲಿ ಒಣಮೀನು ತರೋದಿಲ್ಲ” ಎಂದರು ಮೇಷ್ಟ್ರು. ನಿಜ. ಮದುವೆಯಾದ ಹೊಸತರಲ್ಲೇ ಅವರು ಅದನ್ನು ನಿಲ್ಲಿಸಿದ್ದರು. ನೊಣ, ಇಲಿ, ಆರೋಗ್ಯಶಾಸ್ತ್ರ ಎಂದೆಲ್ಲ ಅರ್ಧ ಗಂಟೆ ವಿವರಿಸಿದ್ದರು. ಅಸಲು ಕಾರಣ, ಪುಸ್ತಕಗಳಿಗೆ ವಾಸನೆ ಹಿಡಿಯುತ್ತದೆ ಎಂಬುದು.

“ಅದಕ್ಕೇ ನಮ್ ಲೈನ್‌ಗೆ ಬರೋರು. ಸಂತೇಲಿ ನಾನೇ ತಂದು ಮಡಗ್ತಿದ್ದೆ. ಕೆಂಡದ ಮ್ಯಾಲೆ ಸುಟ್ಕೊಂಡು, ರಾತ್ರಿ ಅನ್ನದ ಗಂಜಿ ಜೊತೆ, ಎರಡು ಗಾಂಧಾರಿ ಮೆಣಸು ಕಚ್ಕೊಂಡು ತಿನ್ನೋರು. ನನ್ನ ಪಾಲಿಂದೂ ಕಿತ್ಕೊಳ್ಳೋರು.” ಹುಚ್ಚಮ್ಮ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ಯಾವಾಗ ಬರ್ತಿದ್ದಳು?”

“ನೀವು ಭಾಷಣಕ್ಕೆ ಹೋದಾಗೆಲ್ಲ. ಎಲ್ಡು ಗಂಟೆ ಅಂತ ಗೊತ್ತಿತ್ತಲ್ಲ. ತಿಂದು, ಕೈ ತೊಳ್ಕೊಂಡು, ಏಲಕ್ಕಿ ಜಗಿದು ಮನೆಗೆ ಹೋಗೋರು. ನಮ್ ಮೇಷ್ಟ್ರಿಗೆ ಆತ್ಮ ಕಾಣಕಿಲ್ಲ, ಮೂಗು ಮಾತ್ರ ಚುರುಕು ಅನ್ನೋರು.”

ಮೂಗೂ ಚುರುಕಿರಲಿಲ್ಲ. ಹೆಂಡತಿಯ ಬಾಯಲ್ಲಿ ಏಲಕ್ಕಿಯ ಘಮ ಕಂಡು ಒಳ್ಳೆಯ ಅಭ್ಯಾಸ ಎಂದು ಮೆಚ್ಚಿದ್ದು ಮೇಷ್ಟ್ರಿಗೆ ನೆನಪಾಯಿತು. ಭಾಷಣ ಮುಗಿಸಿ ಬಂದ ಸಂಜೆಗಳಲ್ಲಿ ಆಕೆ ಬಹಳ ಖುಷಿಯಾಗಿರುತ್ತಿದ್ದದ್ದೂ ನೆನಪಾಯಿತು. ಅದು ತನ್ನ ವಿಚಾರಗಳ ಪ್ರಭಾವ ಎಂದು ಅವರು ತಿಳಿದಿದ್ದರು.

ಶನಿವಾರ ಪೇಟೆಗೆ ಹೋಗಿ ಒಣಮೀನಿನ ಅಂಗಡಿಯ ಮುಂದೆ ನಿಂತರು. ಯಾವ ಮೀನು ಎಂದು ಅಂಗಡಿಯವನು ಕೇಳಿದ. ಅದನ್ನೂ ಹುಚ್ಚಮ್ಮನಿಂದ ಕೇಳಿಕೊಂಡು ಬಂದಿದ್ದರಿಂದ ಮರ್ಯಾದೆ ಉಳಿಯಿತು. ಬಂಗುಡೆ, ದೊಡ್ಡದು, ಎರಡು. ಭಾನುವಾರ ಬೆಳಿಗ್ಗೆ ಪೊಟ್ಟಣವನ್ನು ಮೂರು ಪೇಪರಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ವಿರಾಜಪೇಟೆ ದಾಟುವಷ್ಟರಲ್ಲಿ ಪಕ್ಕದ ಸೀಟಿನವರು ಮೂಗು ಮುರಿದು ಎದ್ದುಹೋದರು. ಮೇಷ್ಟ್ರು ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಾ ಕುಳಿತರು.

ಚೇರಂಬಾಣೆಯ ಮನೆಯಲ್ಲಿ ಅವರು ಒಲೆಯಿಂದ ಕೆಂಡ ಎಳೆದು ಮೀನು ಸುಡಲು ಕುಳಿತಾಗ ಹೆಂಗಸರೆಲ್ಲ ಹೊಗೆಗೆ ಮುಖ ತಿರುಗಿಸಿ ನಿಂತರು. ಸರೋಜ ಮಾತ್ರ ಹತ್ತಿರ ಬಂದು ಬಗ್ಗಿ ನೋಡಿದಳು.

“ಇದಾ ಬಾವ? ನಂಗೂ ಹೇಳಿಲ್ಲೆ ಅಕ್ಕ.”

“ನಂಗೂ ಹೇಳಿಲ್ಲೆ” ಎಂದರು ಮೇಷ್ಟ್ರು. ಒಂದು ಬದಿ ಕರಕಲಾಗಿತ್ತು, ಬೆರಳು ಸುಟ್ಟಿತ್ತು.

ಒಳಕೋಣೆಯಲ್ಲಿ ಒಂಬತ್ತು ಎಲೆಗಳು. ಕೊನೆಯದು ಯಮುನಮ್ಮನದು. ಮೇಷ್ಟ್ರು ಎಷ್ಟೋ ವರ್ಷಗಳ ಮೇಲೆ ಆ ಹೊಸ್ತಿಲು ದಾಟಿ ಮಣ್ಣಿನ ಬಟ್ಟಲಲ್ಲಿ ಗಂಜಿ ಇಟ್ಟರು. ಎರಡು ಗಾಂಧಾರಿ ಮೆಣಸು ಇಟ್ಟರು. ಮೀನುಗಳನ್ನು ಜೋಡಿಸಿ, ಕರಕಲಾದ ಬದಿ ಕೆಳಗೆ ಮಾಡಿ ಇಟ್ಟರು. ತೀರ್ಥಪ್ರಸಾದ ಅಜ್ಜನಿಂದ ಆರಂಭಿಸಿ ಎಂಟು ಹೆಸರು ಕರೆದ. ಒಂಬತ್ತನೆಯದಕ್ಕೆ ಅಣ್ಣನ ಮುಖ ನೋಡಿದ.

ಮೇಷ್ಟ್ರು ಹೆಂಡತಿಯನ್ನು ಎಂದೂ ಹೆಸರು ಹಿಡಿದು ಕರೆದವರಲ್ಲ. ಇಲ್ ನೋಡ್, ಕೇಳ್ತಾ, ಇಷ್ಟರಲ್ಲೇ ಸಂಸಾರ ಸಾಗಿತ್ತು.

“ಯಮುನ” ಎಂದರು. ಸಭೆಗಳಲ್ಲಿ ಮೈಕಿಲ್ಲದೆ ಮಾತಾಡುತ್ತಿದ್ದ ದನಿ ಪಕ್ಕದಲ್ಲಿದ್ದ ತಮ್ಮನಿಗೂ ಸರಿಯಾಗಿ ಕೇಳಿಸಲಿಲ್ಲ. “ಯಮುನ, ಬಾ. ಉಣ್ಣು.”

ಬಾಗಿಲು ಎಳೆದುಕೊಂಡು ಜಗಲಿಗೆ ಬಂದರು. ಮೇಷ್ಟ್ರು ರೂಢಿಯಂತೆ ವಾಚು ನೋಡಿಕೊಂಡರು. ಒಳಗೆ ಯಾರೂ ಇಲ್ಲ, ಇದನ್ನು ಅವರು ಈಗಲೂ ಅನುಮಾನವಿಲ್ಲದೆ ಬಲ್ಲರು. ಬಲ್ಲೆ ಎಂದುಕೊಂಡೇ ಕಿವಿ ಮಾತ್ರ ಬಾಗಿಲ ಕಡೆಗಿತ್ತು. ಏಳನೆಯ ನಿಮಿಷಕ್ಕೆ ಕೋಳಿ ಸಾರಿನ ಘಮ ತಡೆಯಲಾರದೆ ತೀರ್ಥಪ್ರಸಾದ ಮೂರು ಸಲ ಕೆಮ್ಮಿ ಬಾಗಿಲು ತೆರೆದ.

ಎಲ್ಲರಿಗಿಂತ ಮೊದಲು ಒಳಗೆ ಹೋದವರು ಮೇಷ್ಟ್ರು. ಅಜ್ಜನ ಬ್ರಾಂದಿ ಇಟ್ಟಷ್ಟೇ ಇತ್ತು. ಬೀಡಿ ಕಟ್ಟು ಬಿಚ್ಚಿರಲಿಲ್ಲ. ಕೊನೆಯ ಎಲೆಯ ಮೇಲೆ ಎರಡೂ ಬಂಗುಡೆ ಇಟ್ಟಲ್ಲೇ ಇದ್ದವು, ಗಂಜಿಯ ಮೇಲೆ ತೆಳುವಾಗಿ ಕೆನೆ ಕಟ್ಟಿತ್ತು. ನಲವತ್ತು ವರ್ಷದಿಂದ ಅವರು ಹೇಳುತ್ತ ಬಂದದ್ದು ಅಕ್ಷರಶಃ ಸರಿಯಾಗಿತ್ತು. ಸರಿಯಾದದ್ದಕ್ಕೆ ಇಷ್ಟು ಸಂಕಟ ಅವರಿಗೆ ಹಿಂದೆಂದೂ ಆಗಿರಲಿಲ್ಲ.

ಹಿಂದೆ ಮಕ್ಕಳು ನುಗ್ಗುತ್ತಿದ್ದರು. ಸರೋಜ ಅಜ್ಜನ ಎಲೆ ಎತ್ತಲು ಬಗ್ಗಿದಳು.

“ಅವ್ಕೆಲ್ಲ ಆತಲ್ಲ, ಆ ಎಂಟ್ ಎಲೆ ತೆಗ್ದ್‌ಕಣಿ” ಎಂದರು ಮೇಷ್ಟ್ರು. ಕೊನೆಯ ಎಲೆಗೆ ಅಡ್ಡವಾಗಿ ನಿಂತಿದ್ದರು. “ಇದ್ ಇರ್ಲಿ. ಬಾಗಿಲ್ ಹಾಕ್ ತೀರ್ಥ.”

“ಎಂತಕ್ಕೆ ಅಣ್ಣ?”

“ನಿನ್ನ ಅತ್ತಿಗೆ ಎಲ್ಲವ್ರೊಟ್ಟಿಗೆ ಕೂತ್ ಉಂಡದ್ದೇ ಇಲ್ಲೆ. ಎಲ್ಲವ್ರೂ ಉಂಡ್ ಎದ್ದ ಮೇಲೆ ಉಣ್ಣುದು.”

ತೀರ್ಥಪ್ರಸಾದ ಅಣ್ಣನನ್ನು ನೋಡಿದ. ನಲವತ್ತು ವರ್ಷದಿಂದ ಕಾದಿಟ್ಟುಕೊಂಡಿದ್ದ ಒಂದು ಮಾತು ಅವನ ನಾಲಿಗೆಯ ತುದಿಗೆ ಬಂದಿರಬೇಕು, ನುಂಗಿಕೊಂಡ. ಎಂಟು ಎಲೆಗಳನ್ನು ಹೊರಗೆ ತಂದು ಬಾಗಿಲನ್ನು ಮೆಲ್ಲಗೆ ಎಳೆದ.

ಜಗಲಿಯಲ್ಲಿ ಎಲ್ಲರೂ ಊಟಕ್ಕೆ ಕುಳಿತರು. ಮೇಷ್ಟ್ರಿಗೂ ಮೊದಲ ಪಂಕ್ತಿಯಲ್ಲಿ ಮಣೆ ಹಾಕಿದ್ದರು, ಅವರು ಕೂರಲಿಲ್ಲ. ಮುಚ್ಚಿದ ಬಾಗಿಲ ಪಕ್ಕದಲ್ಲಿ, ನೆಲದ ಮೇಲೆ ಕುಳಿತು, ವಾಚನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು.