ಗಡಿ ದಾಟದ ಮಾರಿ

“ತಲೆ ಮೇಲೆ ಇಕ್ಕಳೇ ಬೋಸುಡಿ, ಸೊಂಟದ ಮೇಲೆ ಇಕ್ಕಣಾಕೆ ಅದೇನು ನಿನ್ನ ಮೊಮ್ಮಗನಾ?”

ಪಟೇಲ ರಾಮಾಂಜಿನಪ್ಪ ಅರಳಿಕಟ್ಟೆಯ ಮೇಲಿಂದಲೇ ಗದರಿದ. ಮುನಿಗಂಗಮ್ಮ ಬಿದಿರಿನ ಮಂಕರಿಯನ್ನು ಸೊಂಟದಿಂದ ತಲೆಗೇರಿಸಿಕೊಂಡಳು. ಒಳಗೆ ಹಸಿಮಣ್ಣಿನ ಮಾರಿಯಮ್ಮ, ಮೈತುಂಬ ಅರಿಶಿನ, ಸುತ್ತ ಬೇವಿನಸೊಪ್ಪು, ಒಂದು ಹರಕು ಮೊರ, ಸವೆದ ಪೊರಕೆ. ಊರಿಗೆ ವಾಂತಿಭೇದಿ ಬಿದ್ದು ಹದಿನೆಂಟು ದಿನ, ಒಂಬತ್ತು ಹೆಣ. ರೋಗದ ಮಾರಿಯನ್ನು ಮಂಕರಿಯಲ್ಲಿ ಕೂರಿಸಿ, ಗಡಿ ದಾಟಿಸಿ, ಪಕ್ಕದೂರಿನ ನೆಲದಲ್ಲಿ ಇಳಿಸಿ ತಿರುಗಿ ನೋಡದೆ ಬಂದುಬಿಟ್ಟರೆ ಊರು ತಣ್ಣಗಾಗುತ್ತದೆಂದು ಹಿರಿಯರ ಕಾಲದಿಂದ ನಂಬಿಕೆ. ಹೊರುವ ಪಾಳಿಯೂ ಹಿರಿಯರ ಕಾಲದಿಂದ ಒಂದೇ ಮನೆಯದು, ಹೊಲಗೇರಿಯ ಮುನಿಗಂಗಮ್ಮನ ಮನೆಯದು. ಗಂಡ ಸತ್ತಮೇಲೆ ಇದ್ದಬದ್ದ ಹಕ್ಕೆಲ್ಲ ಹೋಗಿ ಇದೊಂದು ಹಕ್ಕನ್ನು ಮಾತ್ರ ಊರು ಭದ್ರವಾಗಿ ಉಳಿಸಿಕೊಟ್ಟಿತ್ತು.

“ಸಾಮೀ, ಒಂದು ಮಾತು,” ಎಂದಳು. “ಈ ಸಲ ಬಡಗಲ ಗಡಿಗೆ ಹೊತ್ಕೊಂಡೋಗ್ತೀನಿ. ಮೂಡಲಾಗೆ ಗುಂಡ್ಲಹಳ್ಳಿ ಐತೆ. ಗಡೀಗೆ ಮೊದಲ್ನೇ ಗುಡಿಸ್ಲೇ ನನ್ನ ಮಗಳು ಕದಿರಮ್ಮಂದು. ತುಂಬಿದ ಬಸುರಿ ಸಾಮಿ, ಇವತ್ತೋ ನಾಳೆಯೋ ಅನ್ನಂಗವ್ಳೆ.”

“ಬಡಗಲಾಗೆ ನನ್ನ ಭಾವಮೈದನ ತೋಟ ಐತೆ. ಅಲ್ಲಿಗೆ ಮಾರಿ ಕಳಸಾನ?” ಪಟೇಲ ಎಲೆಯಡಿಕೆ ಉಗಿದ. “ನಿಮ್ಮ ಕೇರಿ ಕೊಚ್ಚೇಲಿ ಹುಟ್ಟಿದ್ದು ಇನ್ನೊಂದು ಕೇರಿಗೇ ಹೋಗ್ಲಿ. ನಡಿಯೇ ಮುಂಡೆ, ಹೊತ್ತೇರ್ತಾ ಐತೆ.”

ರೋಗ ಕೇರಿಯಲ್ಲಿ ಹುಟ್ಟಿದ್ದಂತೆ. ಒಂಬತ್ತು ಗುಂಡಿಗೂ ಮಣ್ಣು ಹೊತ್ತವಳು ಮುನಿಗಂಗಮ್ಮನೇ. ಯಾವ ಮನೆಯ ಹೆಣ, ಯಾರ ಹಿಂದೆ ಯಾರು ಹೋದರು ಎಂಬುದು ಪಟೇಲನ ಸಾವಿನ ಲೆಕ್ಕದ ಪುಸ್ತಕಕ್ಕಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಎಂಟು ಹೆಣ ಊರೊಳಗಿನವು. ಕೇರಿಯದು ಒಂದೇ ಒಂದು, ಪಟೇಲನ ಜೀತದಾಳು ಮುನಿಶಾಮಪ್ಪನದು.

ಗೊತ್ತಿದ್ದುದನ್ನು ಬಾಯಿಬಿಟ್ಟು ಹೇಳಿಸಿದವನು ಮೊನ್ನೆ ಗೌರಿಬಿದನೂರಿನಿಂದ ಸೈಕಲ್ ತುಳಿದುಕೊಂಡು ಬಂದ ಹೆಲ್ತ್ ಇನ್ಸ್‌ಪೆಕ್ಟರ್ ಬಷೀರ್ ಅಹಮದ್. ಸರ್ಕಾರದವನೊಬ್ಬ ಕೇರಿಗೆ ಬಂದು ಅವಳನ್ನು ಕೇಳಿದ್ದು ಅದೇ ಮೊದಲು.

“ಸತ್ತೋರು ಯಾವ ನೀರು ಕುಡೀತಿದ್ರಮ್ಮಾ? ಯೋಚ್ನೆ ಮಾಡಿ ಹೇಳಿ.”

“ಯೋಚ್ನೆ ಏನೈತೆ ಸಾಮಿ? ಊರೋರು ದೊಡ್ಡಬಾವಿ ನೀರು, ನಾವು ಮಳೆನೀರು ನಿಲ್ಲೋ ಕುಂಟೆ ನೀರು.”

“ಹಂಗಾದ್ರೆ ಮುನಿಶಾಮಪ್ಪ?”

ಹೇಳುತ್ತ ಹೋದಂತೆ ಅವಳಿಗೇ ಹೊಳೆಯಿತು. ಮುನಿಶಾಮಪ್ಪ ಕೊಟ್ಟಿಗೆಯ ಮುಂದೆ ಬೊಗಸೆಯೊಡ್ಡುತ್ತಿದ್ದ, ಪಟೇಲನ ಮನೆಯವರು ಮೇಲಿಂದ ಹುಯ್ಯುತ್ತಿದ್ದರು. ದೊಡ್ಡಬಾವಿ ನೀರು. ಬಾವಿ ಮುಟ್ಟಬಾರದೆಂದು ದೂರ ಇಟ್ಟಿದ್ದೇ ಕೇರಿಯ ಮಿಕ್ಕವರನ್ನೆಲ್ಲ ಉಳಿಸಿತ್ತು. ಮೊದಲು ಸತ್ತವಳ ಹಾಸಿಗೆ ಬಟ್ಟೆಯನ್ನು ಆ ಬಾವಿಕಟ್ಟೆಯ ಮೇಲೇ ಒಗೆದಿದ್ದರು, ಗಲೀಜೆಲ್ಲ ಒಳಗೇ ಇಳಿದಿತ್ತು ಎಂಬುದೂ ಅವಳಿಗೆ ಆಗ ನೆನಪಾಯಿತು.

ಇನ್ಸ್‌ಪೆಕ್ಟರ್ ಔಷಧದ ಪುಡಿ ಹಿಡಿದು ಬಾವಿಯ ಹತ್ತಿರ ಹೋದ. ಪಟೇಲ ದಾರಿಗೆ ಅಡ್ಡ ನಿಂತ. “ಸಾಬಿ ಕೈಯಿಂದ ನಮ್ಮ ಬಾವಿಗೆ ಬೂದಿ ಹುಯ್ಸಾದಾ? ನಮ್ಮ ಪೂಜೆ ನೀರು ಕಣಯ್ಯಾ ಅದು. ಹುಯ್ಯಾದಿದ್ರೆ ಹೋಗಿ ಹೊಲೇರ ಕುಂಟೇಗೆ ಹುಯ್ಯಿ.” ಬಷೀರ್ ಅಹಮದ್ ಕೈ ಮುಗಿದ, ಕಾನೂನು ಹೇಳಿದ, ಕೊನೆಗೆ ಬೆವರು ಒರೆಸಿಕೊಂಡು ಕುಂಟೆಗೇ ಸುರಿದ. ಹೋಗುವಾಗ ಮುನಿಗಂಗಮ್ಮನ ಮುಖ ನೋಡಲಾರದೆ ಸೈಕಲ್ಲಿನ ಹ್ಯಾಂಡಲ್ ನೋಡಿಕೊಂಡು, “ಆ ಬಾವಿ ಮುಚ್ಸೋಕೆ ನನ್ ಕೈಲಿ ಆಗ್ಲಿಲ್ಲಮ್ಮಾ. ಅದರ ನೀರು ಬಿಟ್ರೆ ರೋಗ ನಿಲ್ತದೆ,” ಎಂದ.

ಅರಳಿಕಟ್ಟೆಯ ಮುಂದೆ ತಮಟೆ ಸದ್ದೆದ್ದಿತು. ಮುಂದೆ ಕೇರಿಯ ಗಂಡಸರ ತಮಟೆ, ಅವರ ಹಿಂದೆ ಮುನಿಗಂಗಮ್ಮ, ಹತ್ತು ಮಾರು ಬಿಟ್ಟು ಬೇವಿನ ಕೊಂಬೆ ಹಿಡಿದ ಊರು. ಅವಳಿಗೆ ಮಾರಿಯಮ್ಮನ ಮೇಲೆ ಭಯಭಕ್ತಿ ಇಲ್ಲದಿರಲಿಲ್ಲ. ಆದರೆ ಕಣ್ಣು ಮುಚ್ಚಿದರೆ ಮಗಳ ತುಂಬಿದ ಹೊಟ್ಟೆ ಕಾಣುತ್ತಿತ್ತು. ತಾನೇ ಹೊತ್ತುಕೊಂಡು ಹೋಗಿ ಮಗಳ ಬಾಗಿಲಲ್ಲಿ ಸಾವು ಇಳಿಸುವುದೇ? ನಾಳೆ ಗುಂಡ್ಲಹಳ್ಳಿಯಲ್ಲಿ ಒಂದು ವಾಂತಿಯಾದರೂ ಆ ಊರಿನವರು ಮೊದಲು ಎಳೆದಾಡುವುದು ಮಾರಿ ಹೊತ್ತವಳ ಮಗಳನ್ನೇ. ಇತ್ತ ಊರಿನವರು ಮನೆಗೆ ಬಂದು ಅದೇ ಬಾವಿ ಸೇದಿ ಕುಡಿಯುತ್ತಾರೆ, ಮತ್ತೆ ಸಾಯುತ್ತಾರೆ, ಮತ್ತೆ ಮಂಕರಿ ಹೊರಿಸುತ್ತಾರೆ.

“ತಾಯೇ,” ಎಂದಳು ಮನಸ್ಸಿನಲ್ಲೇ, “ನೀನು ಎಲ್ಲಿ ಹುಟ್ಟಿದ್ದು ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಹುಟ್ಟಿದ ಮನೇಗೇ ಹೋಗಾನ ಬಾ.”

ದಾರಿ ಕವಲೊಡೆಯುವಲ್ಲಿ ತಮಟೆ ಎಡಕ್ಕೆ, ಗಡಿಯ ಕಡೆ ತಿರುಗಿತು. ಮುನಿಗಂಗಮ್ಮ ಬಲಕ್ಕೆ ತಿರುಗಿದಳು.

“ಏಯ್, ಎಲ್ಲಿಗೇ? ಏಮೇ, ಕಣ್ಣು ಹೋಯ್ತಾ ನಿಂಗೆ?”

ಅವಳು ನಿಲ್ಲಲಿಲ್ಲ. ದೊಡ್ಡಬಾವಿಯ ನಾಲ್ಕು ಮೆಟ್ಟಿಲು ಹತ್ತಿದಳು. ಆ ಮೆಟ್ಟಿಲನ್ನು ಅವಳ ಅಜ್ಜಿ ಹತ್ತಿದ್ದಿಲ್ಲ, ಅವ್ವ ಹತ್ತಿದ್ದಿಲ್ಲ. ಕಟ್ಟೆಯ ಮೇಲೆ ಮಂಕರಿ ಇಳಿಸಿದಳು. ರಾಟೆಯ ಹಗ್ಗ ಹಿಡಿದು ಒಂದು ಬಿಂದಿಗೆ ನೀರು ಸೇದಿದಳು, ಮೊಣಕೈವರೆಗೂ ಎರಡೂ ಕೈ ಅದ್ದಿ ತೊಳೆದಳು, ಆ ನೀರನ್ನು ಮತ್ತೆ ಬಾವಿಗೇ ಸುರಿದಳು. ಕುಡಿಯಲಿಲ್ಲ. ಅಷ್ಟು ದಡ್ಡಿಯಲ್ಲ ಅವಳು.

ತಮಟೆ ನಿಂತಿತು. ನೀರಿಗೆಂದು ಬಿಂದಿಗೆ ಹಿಡಿದು ಬಂದಿದ್ದ ಊರ ಹೆಂಗಸರು ಅಲ್ಲಲ್ಲೇ ನಿಂತರು.

“ಮುಟ್ಟಿದ್ದೀನಿ,” ಎಂದಳು. “ಹೊಲೇರ ಮುನಿಗಂಗಿ ಮುಟ್ಟಿದ್ದೀನಿ. ಇನ್ನು ಕುಡೀರಿ, ನೋಡಾನ.”

ಪಟೇಲನ ಮುಖ ಕಪ್ಪಿಟ್ಟಿತು. “ಜೋಯಿಸ್ರೇ, ಇದಕ್ಕೇನು ಮಾಡಾದು?”

ಮೆರವಣಿಗೆಯ ಹಿಂದೆ ಬಂದಿದ್ದ ಊರ ಜೋಯಿಸರು ದೂರದಲ್ಲೇ ನಿಂತು ಶಾಸ್ತ್ರ ಹೇಳಿದರು. “ಬರೀ ಪುಣ್ಯಾಹದಿಂದ ಆಗೋದಿಲ್ಲ ಪಟೇಲ್ರೆ. ತೊಟ್ಟು ಬಿಡದಂಗೆ ನೀರೆತ್ತಿಸಿ, ಕೆಸರು ತೆಗೆಸಿ, ಒಳಗೆಲ್ಲ ಸುಣ್ಣ ಬಳಿಸಬೇಕು. ಅಲ್ಲೀವರೆಗೆ ಆ ನೀರು ಯಾರೂ ಬಾಯಿಗಿಡೋ ಹಾಗಿಲ್ಲ.”

ಮುನಿಗಂಗಮ್ಮನಿಗೆ ನಗು ಬಂತು. ಎಷ್ಟೋ ದಿನವಾಗಿತ್ತು ಅವಳು ನಕ್ಕು.

“ಅದನ್ನೇ ಅಲ್ವಾ ಆ ಸಾಬಪ್ಪ ಕೈ ಮುಗ್ದು ಕೇಳ್ಕೊಂಡಿದ್ದು? ಔಸ್ದಿ ಮಾತು ಕೇಳ್ಲಿಲ್ಲ. ಮೈಲಿಗೆ ಮಾತಾದ್ರೆ ಕೇಳ್ತೀರ.”

“ಎಳ್ಕೊಂಬರ್ರೋ ಆ ಸೂಳೇನ,” ಪಟೇಲ ಅರಚಿದ. ಊರ ಗಂಡಸರು ಒಂದು ಹೆಜ್ಜೆ ಮುಂದಿಟ್ಟು ಮಂಕರಿ ನೋಡಿ ಹಿಂದೆ ಸರಿದರು. ಮಾರಿಯ ಮೈ ಸೋಕಿದರೆ ತಮ್ಮ ಮನೆಗೇ ಬಂದಾಳೆಂದು ಭಯ. ಪಟೇಲ ಕೇರಿಯ ಗಂಡಸರ ಕಡೆ ತಿರುಗಿದ. ಅವರು ತಮಟೆಗಳನ್ನು ಎದೆಗವಚಿಕೊಂಡು ನೆಲ ನೋಡುತ್ತ ನಿಂತರು. ಒಬ್ಬನೂ ಕಾಲು ಕೀಳಲಿಲ್ಲ.

ಪಟೇಲ ಬಗ್ಗಿ ಮುಷ್ಟಿಗಾತ್ರದ ಕಲ್ಲೊಂದನ್ನು ಎತ್ತಿಕೊಂಡ.

ಮುನಿಗಂಗಮ್ಮ ಹಿಂದೆ ಸರಿಯಲಿಲ್ಲ. ಬಾವಿಯ ಅಂಚಿಗೆ ಹೋಗಿ, ಕಾಲೆರಡನ್ನೂ ಒಳಗೆ ಇಳಿಬಿಟ್ಟು ಕೂತಳು.

“ಹೊಡೀರಿ ಸಾಮಿ. ಹೊಡೆದ್ರೆ ಒಳಕ್ಕೇ ಬೀಳ್ತೀನಿ. ಹೊಲತಿ ಹೆಣ ಬಿದ್ದ ಬಾವಿ ನೀರು ನಿಮ್ಮ ಮೊಮ್ಮಕ್ಕಳೂ ಕುಡಿಯಂಗಿಲ್ಲ.”

ಕಲ್ಲು ಹಿಡಿದ ಕೈಯನ್ನು ಪಟೇಲ ಎತ್ತಿದವನು ಎತ್ತಿಕೊಂಡೇ ನಿಂತಿದ್ದ. ಇಳಿಸಲೂ ಇಲ್ಲ, ಎಸೆಯಲೂ ಇಲ್ಲ.