ಹತ್ತು ಗಂಟೆಯ ಬಾಗಿಲು

ಪರೀಕ್ಷಕಿ ತುವನೋ ಮೇಡಂ ಬಾಗಿಲು ಮುಚ್ಚಿ, ಹಿಡಿಯ ಮೇಲೆ ಕೈಯಿಟ್ಟುಕೊಂಡೇ ಕೇಳಿದರು, "ಎಲ್ಲಿ ನಿನ್ನ ಜೊತೆಗಾರ್ತಿ?"

ಮಯೆಲ್ ಬಾಯಿ ತೆರೆದರೆ ಮೂರು ವರ್ಷದ ಸಿಟ್ಟೆಲ್ಲ ಒಟ್ಟಿಗೇ ಹೊರಬೀಳುತ್ತಿತ್ತು. ಫ್ರೆಂಚ್, ಜರ್ಮನ್ ಎರಡನ್ನೂ ಕಲಿತು ಎರಡೂ ದೇಶಗಳ ಪದವಿ ಪಡೆಯುವ ಓದು ಅದು. ಎಲ್ಲವೂ ಎರಡೆರಡು: ಎರಡು ಊರು, ಎರಡು ಬಾಡಿಗೆ ಕೋಣೆ, ಒಬ್ಬರು ಮೆಚ್ಚಿದ್ದನ್ನು ಇನ್ನೊಬ್ಬರು ಕೆಂಪು ಶಾಯಿಯಲ್ಲಿ ಹೊಡೆದುಹಾಕುವ ಮೇಷ್ಟ್ರುಗಳು. ಇವತ್ತು ಫ್ರಾನ್ಸಿನ ಮೆಟ್ಸ್‌ನಲ್ಲಿ ಕೊನೆಯ ಪರೀಕ್ಷೆ. ಎದುರೆದುರು ಕೂತವರ ಮಾತನ್ನು ಆಗಿಂದಾಗಲೇ ತರ್ಜುಮೆ ಮಾಡಬೇಕು, ಅದೂ ಜೋಡಿಯಾಗಿ. ಒಬ್ಬಳು ಬಾರದಿದ್ದರೆ ಇಬ್ಬರೂ ಗೈರುಹಾಜರು. ಈ ವರ್ಷ ಇಬ್ಬರಿಗೂ ಪದವಿಯಿಲ್ಲ.

ಗಡಿಯಾಚೆ ಜರ್ಮನಿಯ ಜೊತೆಗಾರ್ತಿ ವೀಬ್ಕೆಗೆ ಹತ್ತು ಗಂಟೆ ಎಂದರೆ ಹತ್ತೂಕಾಲು. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಪಾಠ ಶುರುವಾಗುವುದೇ ಹಾಗೆ. ಆ ಕಾಲು ಗಂಟೆ ಅವರ ಪಿತ್ರಾರ್ಜಿತ ಆಸ್ತಿ. ಮಯೆಲ್ ಹೇಳಿ ಹೇಳಿ ಸೋತಿದ್ದಳು. ನಿನ್ನೆಯೂ ಫೋನಿನಲ್ಲಿ ನೆನಪಿಸಬೇಕೆಂದುಕೊಂಡವಳು, ಹೇಳಿದ್ದನ್ನೇ ಎಷ್ಟು ಹೇಳುವುದೆಂದು ಬೇಸತ್ತು ಬಿಟ್ಟಿದ್ದಳು.

ಮೇಡಂ ಬಂದು ಮೇಜಿನ ಹಿಂದೆ ಕೂತರು. ಪಕ್ಕದ ಕುರ್ಚಿ ಜರ್ಮನ್ ಕಡೆಯ ಪರೀಕ್ಷಕರಾದ ಪ್ರೊಫೆಸರ್ ಲ್ಯೂಟ್ಕೆಯವರದು, ಅದೂ ಖಾಲಿ. "ರೈಲು ತಡವೇನೋ," ಎಂದರು. ಆ ರಿಯಾಯಿತಿ ಪ್ರೊಫೆಸರಿಗೆ ಮಾತ್ರ. ಗೈರುಹಾಜರಿ ಬರೆಯಲು ಪಟ್ಟಿಯಲ್ಲಿ ವೀಬ್ಕೆಯ ಹೆಸರಿನ ಮುಂದೆ ಪೆನ್ನು ಊರಿದರು.

ಅವಳು ಯಾವತ್ತೂ ಹೀಗೇ, ನನ್ನನ್ನು ಬೇರೆ ಜೋಡಿಗೆ ಸೇರಿಸಿಬಿಡಿ ಎನ್ನಲು ಮಯೆಲ್ ಬಾಯಿ ತೆರೆದಳು. ಹೊರಬಂದ ಮಾತು ಬೇರೆ.

"ಅವರ ಕಡೆ ಇನ್ನೂ ಹತ್ತಾಗಿಲ್ಲ ಮೇಡಂ. ಸ್ವಲ್ಪ ಕಾಯೋಣ."

"ಈ ಬಾಗಿಲು ಇರೋದು ಫ್ರಾನ್ಸಿನಲ್ಲಿ, ಮಗಳೇ."

"ಪರೀಕ್ಷೆ ಎರಡೂ ಕಡೆಯವರದ್ದಲ್ವಾ?"

ಮೇಡಂ ತಲೆಯೆತ್ತಲಿಲ್ಲ. ಆದರೆ ಪೆನ್ನೂ ಅಲ್ಲಾಡಲಿಲ್ಲ.

ಹೊರಗಿನಿಂದ ಬಾಗಿಲು ತಟ್ಟಿದ ಸದ್ದು. ವೀಬ್ಕೆಯ ನಗು, ಅದರ ಹಿಂದೆ ಒಂದು ಗಂಡು ಕೆಮ್ಮು. ಮೇಡಂ ಪಕ್ಕದ ಖಾಲಿ ಕುರ್ಚಿಯನ್ನೊಮ್ಮೆ ನೋಡಿ, ನಿಟ್ಟುಸಿರುಬಿಟ್ಟು, ತಾವೇ ಎದ್ದು ಹೋಗಿ ತೆರೆದರು.

ವೀಬ್ಕೆ, ಪ್ರೊಫೆಸರ್ ಲ್ಯೂಟ್ಕೆ ಇಬ್ಬರೂ ಒಂದೇ ರೈಲಿನಲ್ಲಿ ಬಂದು, ಆಗಿನಿಂದ ಕೆಳಗೆ ಕಾಫಿ ಕುಡಿಯುತ್ತ ಕೂತಿದ್ದರಂತೆ. "ಸ್ವಲ್ಪ ಮುಂಚೆಯೇ ಬಂದುಬಿಟ್ಟೆವು," ಎಂದರು ಪ್ರೊಫೆಸರ್, ಹೆಮ್ಮೆಯಿಂದ.

"ನಮ್ಮ ಪುಣ್ಯ," ಎಂದರು ಮೇಡಂ.

ವೀಬ್ಕೆ ಮಯೆಲ್‌ಳ ಮಡಿಲಿಗೆ ಬೆಚ್ಚಗಿನ ಕಾಗದದ ಪೊಟ್ಟಣವೊಂದನ್ನು ತುರುಕಿದಳು. "ಬೆಣ್ಣೆ ಹಚ್ಚಿದ ಬ್ರೆಟ್ಸೆಲ್ ಬ್ರೆಡ್ಡು. ಪರೀಕ್ಷೆ ದಿನ ನೀನು ಏನೂ ತಿಂದಿರಲ್ವಲ್ಲ."

"ನಿನ್ನ ಕತ್ತು ಹಿಸುಕಬೇಕು ಕಣೇ."

"ಆಮೇಲೆ ಹಿಸುಕುವಿಯಂತೆ. ಮೊದಲು ಇದು ಮುಗೀಲಿ."

ಪರೀಕ್ಷೆಯ ನಾಟಕದಲ್ಲಿ ಮೇಡಂ ಕಿಟಕಿ ಮಾರುವವರಾದರು, ಪ್ರೊಫೆಸರ್ ಕೊಳ್ಳುವವರಾದರು. ನಡುವೆ ಹುಡುಗಿಯರಿಬ್ಬರು ಚೌಕಾಸಿಯನ್ನು ಆಚೆಗೂ ಈಚೆಗೂ ಸಾಗಿಸಿದರು. ಮಯೆಲ್ ಒಂದು ಕಡೆ ತಡವರಿಸಿದಾಗ ವೀಬ್ಕೆ ಬೇಕೆಂದೇ ನೀರಿನ ಲೋಟ ಎತ್ತಿಕೊಂಡು, ಅವಳಿಗೆ ಮಾತು ಸಿಗುವವರೆಗೂ ಗುಟುಕು ಗುಟುಕಾಗಿ ಕುಡಿದಳು.

ಮುಗಿದಾಗ ಪ್ರೊಫೆಸರ್ ಬೆರಳ ಗೆಣ್ಣಿನಿಂದ ಮೇಜು ಕುಟ್ಟಿದರು. ಜರ್ಮನಿಯ ತರಗತಿಗಳಲ್ಲಿ ಚಪ್ಪಾಳೆಯ ಬದಲು ಹಾಗೆ. ವೀಬ್ಕೆಯೂ ಕುಟ್ಟಿದಳು. ಅಭ್ಯಾಸಬಲದಿಂದ ತಾನೂ ಕುಟ್ಟಲು ಎತ್ತಿದ ಕೈಯನ್ನು, ಎದುರಿಗೆ ಮೇಡಂ ಇರುವುದು ನೆನಪಾಗಿ, ಮಯೆಲ್ ಅರ್ಧದಲ್ಲೇ ತಡೆದುಕೊಂಡಳು.

ಮೇಡಂ ಆ ಕೈಗಳನ್ನೆಲ್ಲ ನೋಡಿದರು. ಪೆನ್ನು ಕೆಳಗಿಟ್ಟು, ಅಪರಿಚಿತರ ಮನೆ ಬಾಗಿಲು ತಟ್ಟುವವರ ಹಾಗೆ, ಮೇಜನ್ನು ಒಂದು ಸಲ ಮೆಲ್ಲಗೆ ತಟ್ಟಿದರು.