ಪೆಟ್ಟಿಗೆಗೆ ಗಾಳಿ

"ಕೈಗೆ ಲಕ್ವ ಹೊಡೀತೇನೇ ನರಸಿ? ಎಳೆಯೇ ಮುಂಡೆ, ಪೆಟ್ಟಿಗೆ ಕಾಯ್ತಾ ಐತೆ."

ಹೊಸಹಳ್ಳಿ ಪಟೇಲ ಮುನಿವೆಂಕಟಪ್ಪ ಬೈದದ್ದು ಮುನೇಶ್ವರನ ಪೂಜೆಗೆ ಹಾಕಿದ್ದ ಚಪ್ಪರದ ನೆರಳಲ್ಲಿ, ಕುರ್ಚಿ ಮೇಲೆ ಕೂತು. ನರಸಮ್ಮ ಬೈಸಿಕೊಂಡದ್ದು ಚಪ್ಪರದಾಚೆ, ಚೈತ್ರದ ಬಿಸಿಲಲ್ಲಿ ನಿಂತು. ಪೆಟ್ಟಿಗೆ ಅಂದರೆ ಮೈಕಿನ ಆಂಪ್ಲಿಫೈಯರು. ಪೇಟೆಯಿಂದ ಅದನ್ನು ತಂದಿದ್ದ ಶ್ಯಾಮಸುಂದರ ಹೊಸ ಅಳಿಯನಿಗೆ ಮಾಡಿದ ಹಾಗೆ ಅದಕ್ಕೆ ಉಪಚಾರ ಮಾಡುತ್ತಿದ್ದ. ಬೆಂಚಿನ ಮೇಲೆ ಕೂರಿಸಿ, ಮುಚ್ಚಳ ತೆಗೆದು, ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿದ್ದ. ಪೂಜಾರಿ ಹಾರ ಹಾಕಲು ಬಂದರೆ ಕೈ ಅಡ್ಡ ಹಿಡಿದಿದ್ದ.

"ಉಸಿರು ಕಟ್ಟುತ್ತೆ ಸ್ವಾಮಿ. ಒಳಗಿರೋ ವಾಲ್ವುಗಳು ಕೆಂಡದಂಗೆ ಕಾಯ್ತವೆ. ಯಾರಾದ್ರೂ ಗಾಳಿ ಬೀಸ್ತಾನೇ ಇರಬೇಕು."

ಬೀಸೋರು ಯಾರು? ಬಿಟ್ಟಿ ಚಾಕರಿಗೆ ಹೊಲಗೇರಿಯ ನರಸಮ್ಮ ಇದ್ದೇ ಇದ್ದಳಲ್ಲ. ಆದರೆ ಅವಳು ಚಪ್ಪರದೊಳಗೆ ಕಾಲಿಟ್ಟರೆ ಪೂಜೆಗೆ ಮೈಲಿಗೆ. ಊರಿನ ಮಹಾ ಬುದ್ಧಿವಂತರೆಲ್ಲ ಸೇರಿ ತಲೆ ಕೆರೆದುಕೊಂಡರು. ಪೆಟ್ಟಿಗೆ ಮೇಲೆ ಗೋಣಿತಾಟಿನ ಪಂಕ ತೂಗುಬಿಟ್ಟು, ಅದರ ಹಗ್ಗವನ್ನು ಹೊರಕ್ಕೆ ಎಳೆದು ಅವಳ ಕೈಗೆ ಬಿಸಾಕಿದರು. ಅವಳು ಮೈಲಿಗೆ, ಅವಳು ಬೀಸಿದ ಗಾಳಿ ಮಡಿ. ಯಾವ ಶಾಸ್ತ್ರವೋ, ಅವರೇ ಬಲ್ಲರು.

ನೆರಳು, ಬೆಂಚು, ತಂಪು ಗಾಳಿ. 'ಮುಂದಿನ ಜನ್ಮಕ್ಕೆ ನನ್ನ ಪೆಟ್ಟಿಗೆ ಮಾಡಪ್ಪ ಮುನೇಶ್ವರ' ಅಂದುಕೊಂಡು ನರಸಮ್ಮ ಎಳೆದಳು.

ಹೊಟ್ಟೆಯೊಳಗೆ ಮಾತ್ರ ಬೇರೆಯೇ ಉರಿ ಇತ್ತು. ಗಂಡ ಸತ್ತ ಮೇಲೂ ಅವಳೇ ಉತ್ತು ರಾಗಿ ಬೆಳೆಯುತ್ತಿದ್ದ ಪಟೇಲನ ಗೇಣಿ ಹೊಲವನ್ನು ಸರ್ಕಾರ ಸೈಟು ಮಾಡಲು ತೆಗೆದುಕೊಳ್ಳಲಿತ್ತು. ಉಳುವವರು ಒಪ್ಪಿ ಬಿಟ್ಟುಕೊಟ್ಟರೆ ಪರಿಹಾರವೆಲ್ಲ ಪಟೇಲನಿಗೆ. ಅವಳು ಒಪ್ಪಿರಲಿಲ್ಲ. ಅದನ್ನೇ ವಿಚಾರಿಸಲು ಬಂದಿದ್ದ ಆಫೀಸರು ಪಟೇಲನ ಪಕ್ಕದಲ್ಲಿ ಎಳನೀರು ಹೀರುತ್ತಿದ್ದರು.

ಪಟೇಲ ಎದ್ದು ಮೈಕಿನ ಮುಂದೆ ನಿಂತ. ಮರಕ್ಕೆ ಕಟ್ಟಿದ್ದ ಹಾರನ್ನಿನಿಂದ ಅವನ ದನಿ ಕೆರೆಯಾಚೆ ಹೊಲಗೇರಿವರೆಗೂ ಹೋಯಿತು. "ಹೊಲ ಉಳ್ತಿದ್ದೋರೆಲ್ಲ ಸಂತೋಷವಾಗಿ ಬಿಟ್ಕೊಟ್ಟವ್ರೆ ಸಾಹೇಬ್ರೆ. ನಮ್ಮ ನರಸೀನೇ ಮೊದಲು ಒಪ್ಕೊಂಡೋಳು."

ನರಸಮ್ಮನಿಗೆ ರೇಗಿಹೋಯಿತು. ಹಗ್ಗ ಬಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಚಪ್ಪರದೊಳಕ್ಕೆ ನಡೆದಳು.

"ಹಿಡೀರೋ ಅವ್ಳನ್ನ," ಅನ್ನುತ್ತಾ ಪಟೇಲ ತಾನೇ ಮೊದಲು ಹಿಂದಕ್ಕೆ ಹಾರಿದ.

ಹಿಡಿಯಬೇಕಾದರೆ ಮುಟ್ಟಬೇಕಲ್ಲ. ಎಲ್ಲರೂ ಮಿಂದು ಮಡಿಯುಟ್ಟು ಬಂದವರು. ಪೂಜಾರಿ ಕುರ್ಚಿ ಹತ್ತಿ ನಿಂತ. ಮಿಕ್ಕವರು ಪಂಚೆ ಎತ್ತಿಕೊಂಡು ಅತ್ತಿತ್ತ ಸರಿದರು. ಪಟ್ಟದ ರಾಣಿಗೂ ಅಷ್ಟು ಸಲೀಸಾಗಿ ದಾರಿ ಬಿಟ್ಟಿರಲಾರರು.

ನರಸಮ್ಮ ಮೈಕಿಗೆ ಬಾಯಿಟ್ಟಳು. "ನಾನು ಒಪ್ಪಿಲ್ಲ ಸ್ವಾಮಿ. ನಮ್ಮ ಕೇರೀಲಿ ಯಾರೂ ಒಪ್ಪಿಲ್ಲ. ಈ ನನ್ಮಗ ಸುಳ್ಳು ಬೊಗಳ್ತಾವ್ನೆ."

ಕೆರೆಯಾಚೆಗೂ ಕೇಳಿಸಿತು.

"ಪಂಕ ಎಳೀರಿ ಯಾರಾದ್ರೂ, ಸುಟ್ಟೋಗುತ್ತೆ," ಎಂದು ಶ್ಯಾಮಸುಂದರ ಬಾಯಿ ಬಡಿದುಕೊಂಡ. ಬೆಳಗಿನಿಂದ ನರಸಮ್ಮನ ಬೆವರು ಕುಡಿದ ಹಗ್ಗ ಹೊರಗೆ ನೇತಾಡುತ್ತಿತ್ತು. ಯಾರೂ ಹತ್ತಿರ ಸುಳಿಯಲಿಲ್ಲ. ಅವನೇ ಓಡಿದ, ಕೈ ಚಾಚಿದ, ಪೂಜಾರಿಯ ಮುಖ ನೋಡಿ ಹಿಂದಕ್ಕೆ ಎಳೆದುಕೊಂಡ. ಪೆಟ್ಟಿಗೆಯೊಳಗೆ ಚಟ್ ಅಂತು. ಕಮಟು ಹೊಗೆ ಎದ್ದಿತು.

ಪಟೇಲ ದೂರದಲ್ಲೇ ನಿಂತು, "ಇವ್ಳ ಮಾತು ನಂಬಬ್ಯಾಡಿ," ಎಂದು ಕಿರುಚಿದ. ಹಾರನ್ನು ತುಟಿ ಪಿಟಕ್ಕನ್ನಲಿಲ್ಲ. ಅವನ ದನಿ ಚಪ್ಪರ ದಾಟಲಿಲ್ಲ.

ಹೊಲಗೇರಿಯ ಬಾವಿಕಟ್ಟೆಯಲ್ಲಿ ಹೆಂಗಸರು ಇತ್ತಲೇ ನೋಡುತ್ತಾ ನಿಂತಿದ್ದರು. ಬೋರಮ್ಮ ಮೊದಲು ಕೊಡ ಕೆಳಗಿಟ್ಟಳು. ಹಿಂದೆಯೇ ಉಳಿದವರು. ಕೆರೆ ಏರಿಯ ಮೇಲೆ ಸಾಲು ಹಿಡಿದು ಬರತೊಡಗಿದರು.

ಆಫೀಸರು ಎಳನೀರು ಬುರುಡೆ ಹಿಡಿದುಕೊಂಡು ಪಟೇಲನ ಮುಖ ನೋಡಿದರು.

"ಬರ್ಲಿ ಇರಿ ಸ್ವಾಮಿ, ಎಲ್ರನ್ನೂ ಕೇಳೀರಂತೆ," ಎಂದು ನರಸಮ್ಮ ಹೊಗೆಯಾಡುತ್ತಿದ್ದ ಪೆಟ್ಟಿಗೆಯನ್ನು ಕೊಂಚ ಆಚೆ ತಳ್ಳಿ, ಬೆಂಚಿನ ಮೇಲೆ ಕೂತಳು.